ಕಾಳು ಹೋಗುತ್ತದೆ, ಬೇಳೆ ಬರುತ್ತದೆ: ಚೌಡಾಪುರದ ಲೆಕ್ಕ

ಕಳೆದ ವರ್ಷ ಪ್ರಥಮ ಪಿಯುಸಿಯಲ್ಲಿದ್ದಾಗ ಅರ್ಥಶಾಸ್ತ್ರದ ಸರ್ ನಮಗೆಲ್ಲ ಒಂದು ಸಣ್ಣ ಕೆಲಸ ಕೊಟ್ಟಿದ್ದರು. "ನಿಮ್ಮ ನಿಮ್ಮ ಊರಿಗೆ ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಒಂದು ಪುಟದಲ್ಲಿ ಬರೆದು ತನ್ನಿ." ನಾವೆಲ್ಲ ಹೆಚ್ಚು ಕಡಿಮೆ ಒಂದೇ ಉತ್ತರ ಬರೆದಿದ್ದೆವು: ಒಕ್ಕಲುತನದಿಂದ ಬರುತ್ತದೆ, ಖರ್ಚಿಗೆ ಹೋಗುತ್ತದೆ. ಸರ್ ನಕ್ಕು, "ಇದು ಲೆಕ್ಕ ಅಲ್ಲ, ಗಾದೆ" ಅಂದರು.

ಅಂದು ಸಂಜೆ ಅಮ್ಮಿ ಒಂದು ಕಿಲೋ ತೊಗರಿ ಬೇಳೆ ತರಲು ಅಂಗಡಿಗೆ ಕಳಿಸಿದರು. ಚೌಡಾಪುರದಿಂದ ಯಾವ ದಿಕ್ಕಿಗೆ ನಡೆದರೂ ತೊಗರಿ ಹೊಲ ಸಿಗುತ್ತದೆ. ಆದರೆ ನನ್ನ ಕೈಯಲ್ಲಿದ್ದ ಬೇಳೆ ಪ್ಯಾಕೆಟ್ಟು ಬೇರೆ ಊರಿನಿಂದ ಬಂದದ್ದು. ನಮ್ಮ ಹೊಲದ ಕಾಳು ಲಾರಿ ಹತ್ತಿ ಹೋಗಿ, ಬೇಳೆಯಾಗಿ, ಹೆಚ್ಚಿನ ಬೆಲೆಗೆ ನಮ್ಮ ಅಂಗಡಿಗೇ ವಾಪಸ್ ಬಂದಿತ್ತು. ಸರ್ ಕೇಳಿದ ಪ್ರಶ್ನೆಗೆ ಉತ್ತರ ಆ ಪ್ಯಾಕೆಟ್ಟಿನಲ್ಲೇ ಇದೆ ಎಂದು ನನಗೆ ಅನಿಸಿತು. ಈ ಲೇಖನದಲ್ಲಿ ಆ ಉತ್ತರವನ್ನು ವಾಣಿಜ್ಯ ವಿಭಾಗದ ವಿದ್ಯಾರ್ಥಿಯಾಗಿ ಬಿಡಿಸಿ ಬರೆಯಲು ಪ್ರಯತ್ನಿಸಿದ್ದೇನೆ.

ದೂರ ಎಂದರೆ ಏನು?

ಚೌಡಾಪುರ ಅಫಜಲಪುರ ತಾಲೂಕಿನ ಊರು. ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ರಸ್ತೆಯಲ್ಲಿದೆ. ಭೀಮಾ ಮತ್ತು ಅಮರ್ಜಾ ನದಿಗಳು ಕೂಡುವ ದೇವಲ ಗಾಣಗಾಪುರಕ್ಕೆ ದತ್ತನ ಭಕ್ತರು ನಮ್ಮೂರಿನ ಮೇಲೆಯೇ ಹೋಗುತ್ತಾರೆ. ಹುಣ್ಣಿಮೆ ಬಂತೆಂದರೆ ಮಹಾರಾಷ್ಟ್ರದ ನಂಬರಿನ ಗಾಡಿಗಳು ಸಾಲುಗಟ್ಟುತ್ತವೆ. ಹಾಗಿದ್ದ ಮೇಲೆ ನಮ್ಮದು ದೂರದ ಹಳ್ಳಿ ಹೇಗಾಯಿತು ಎಂದು ಯಾರಾದರೂ ಕೇಳಬಹುದು.

ದೂರವನ್ನು ಕಿಲೋಮೀಟರಿನಲ್ಲಿ ಮಾತ್ರ ಅಳೆಯಲು ಬರುವುದಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಅವರ ಸಮಿತಿ 2002ರಲ್ಲಿ ಸರಕಾರಕ್ಕೆ ವರದಿ ಕೊಟ್ಟಾಗ ಕರ್ನಾಟಕದ 114 ತಾಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಶಾಲೆ, ಆಸ್ಪತ್ರೆ, ನೀರಾವರಿ, ಬ್ಯಾಂಕು, ಉದ್ಯೋಗ ಮುಂತಾದ 35 ಸೂಚಕಗಳನ್ನು ಅದು ಲೆಕ್ಕಕ್ಕೆ ತೆಗೆದುಕೊಂಡಿತ್ತು. ಆ 114ರಲ್ಲಿ 39 ತಾಲೂಕುಗಳು 'ಅತ್ಯಂತ ಹಿಂದುಳಿದವು'. ಅವುಗಳಲ್ಲಿ 21 ನಮ್ಮ ಕಲ್ಯಾಣ ಕರ್ನಾಟಕದವು. ಅಫಜಲಪುರ, ಆಳಂದ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿವೆ. ಅಂದರೆ ರಸ್ತೆ ಹತ್ತಿರ ಇದ್ದರೂ ಅವಕಾಶ ದೂರ ಇತ್ತು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36 ಇದ್ದರೆ ನಮ್ಮ ಜಿಲ್ಲೆಯದು ಶೇ. 64.85. ಗಂಡಸರಲ್ಲಿ ಶೇ. 74.38, ಹೆಂಗಸರಲ್ಲಿ ಶೇ. 55.09. ನಮ್ಮ ಅಮ್ಮಂದಿರ ವಯಸ್ಸಿನವರ ಕಥೆ ಈ ಕೊನೆಯ ಅಂಕಿಯಲ್ಲಿದೆ.

ತೊಗರಿಯ ಲೆಕ್ಕ

ಕಲಬುರಗಿಯನ್ನು ತೊಗರಿಯ ಕಣಜ ಎನ್ನುತ್ತಾರೆ. ಇಲ್ಲಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಮಾನ್ಯತೆ ಸಿಕ್ಕಿತು. ನಮ್ಮ ಕಪ್ಪು ಮಣ್ಣಿನಲ್ಲಿರುವ ಸುಣ್ಣ ಮತ್ತು ಪೊಟ್ಯಾಷಿಯಂ ಅಂಶದಿಂದ ಬೇಳೆಗೆ ಬೇರೆ ರುಚಿ ಬರುತ್ತದೆ ಎಂಬುದು ಅದಕ್ಕೆ ಕೊಟ್ಟ ಕಾರಣ.

ಇನ್ನು ಲೆಕ್ಕಕ್ಕೆ ಬರೋಣ. 2025-26ಕ್ಕೆ ಕೇಂದ್ರ ಸರಕಾರ ತೊಗರಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಒಂದು ಕ್ವಿಂಟಲ್ ಕಾಳನ್ನು ಮಿಲ್ಲಿಗೆ ಹಾಕಿದರೆ ಸುಮಾರು 70 ಕಿಲೋ ಬೇಳೆ ಬರುತ್ತದೆ. ಉಳಿದದ್ದು ಹೊಟ್ಟು ಮತ್ತು ನುಚ್ಚು, ಅವು ದನದ ಮೇವಿಗೆ ಮಾರಾಟವಾಗುತ್ತವೆ. ಅಂಗಡಿಯಲ್ಲಿ ಬೇಳೆಯ ದರ ಕಿಲೋಗೆ 140 ರೂಪಾಯಿ ಎಂದು ಉದಾಹರಣೆಗೆ ಇಟ್ಟುಕೊಳ್ಳಿ.

70 ಕಿಲೋ × 140 = 9,800 ರೂಪಾಯಿ.
ಕಾಳಿನ ಬೆಲೆ = 8,000 ರೂಪಾಯಿ.
ವ್ಯತ್ಯಾಸ = 1,800 ರೂಪಾಯಿ.

ಈ 1,800 ಪೂರ್ತಿ ಲಾಭವಲ್ಲ. ಇದರಲ್ಲಿ ಹಮಾಲಿ, ಲಾರಿ ಬಾಡಿಗೆ, ಕರೆಂಟು, ಚೀಲ, ಮಿಲ್ಲಿನ ಕೂಲಿ, ಸಗಟು ವ್ಯಾಪಾರಿಯ ಪಾಲು, ಅಂಗಡಿಯವನ ಪಾಲು ಎಲ್ಲ ಇವೆ. ಆದರೆ ಗಮನಿಸಬೇಕಾದ ಮಾತು ಏನೆಂದರೆ, ಆ ಖರ್ಚೆಲ್ಲ ಮತ್ತೊಬ್ಬರಿಗೆ ಆದಾಯ. ಹಮಾಲನಿಗೆ ಕೂಲಿ, ಡ್ರೈವರನಿಗೆ ಸಂಬಳ, ಮಿಲ್ಲಿನ ಗುಮಾಸ್ತನಿಗೆ ನೌಕರಿ. ಇದನ್ನೇ ನಮ್ಮ ಪಠ್ಯದಲ್ಲಿ ಮೌಲ್ಯವರ್ಧನೆ ಎಂದು ಓದುತ್ತೇವೆ. ಒಂದು ಸಾವಿರ ಎಕರೆ ತೊಗರಿ, ಎಕರೆಗೆ ಮೂರು ಕ್ವಿಂಟಲ್ ಇಳುವರಿ ಎಂದು ಊಹಿಸಿದರೆ 3,000 ಕ್ವಿಂಟಲ್ ಆಯಿತು. ಕ್ವಿಂಟಲ್‌ಗೆ 1,800ರಂತೆ 54 ಲಕ್ಷ ರೂಪಾಯಿ. ಒಂದು ಹಂಗಾಮಿನಲ್ಲಿ ಇಷ್ಟು ಮೌಲ್ಯ ಊರಿನ ಹೊರಗೆ ಹುಟ್ಟುತ್ತದೆ. ನಮ್ಮೂರು ಬಡವಾದದ್ದು ಇಲ್ಲಿ ಏನೂ ಬೆಳೆಯುವುದಿಲ್ಲ ಎಂಬ ಕಾರಣಕ್ಕಲ್ಲ, ಬೆಳೆದದ್ದು ಹಸಿಯಾಗಿಯೇ ಹೊರಗೆ ಹೋಗುತ್ತದೆ ಎಂಬ ಕಾರಣಕ್ಕೆ.

ರೈತ ಯಾಕೆ ತಡೆಯುವುದಿಲ್ಲ?

ರಾಶಿ ಆಗುವುದು ಡಿಸೆಂಬರ್, ಜನವರಿಯಲ್ಲಿ. ಆಗ ಎಲ್ಲರ ಕಾಳೂ ಒಮ್ಮೆಲೇ ಮಾರುಕಟ್ಟೆಗೆ ಬಂದು ದರ ಇಳಿಯುತ್ತದೆ. ನಮ್ಮ ಮನೆಯ ಪಕ್ಕದ ಕಾಕಾ ಅವರನ್ನು ಕೇಳಿದೆ: "ಕಾಕಾ, ಎರಡ್ ತಿಂಗಳ ತಡದ್ರ ರೇಟ್ ಏರಬಹುದಲ್ಲ?"

"ನಾ ತಡೀತೀನಿ ತಮ್ಮಾ, ಬಡ್ಡಿ ತಡೀತದೇನು?"

ಅವರು ಜೂನಿನಲ್ಲಿ ಬೀಜ, ಗೊಬ್ಬರಕ್ಕೆ ಅಡತಿ ಅಂಗಡಿಯಲ್ಲಿ ಸಾಲ ಮಾಡಿದ್ದರು. ಸಾಲ ಕೊಟ್ಟವರ ಅಂಗಡಿಗೇ ಕಾಳು ಹಾಕಬೇಕು. ಅಲ್ಲಿ ದರ ಕೇಳುವ ಧೈರ್ಯ ಇರುವುದಿಲ್ಲ. ಕಾಳನ್ನು ಉಗ್ರಾಣದಲ್ಲಿಟ್ಟು ಆ ರಸೀದಿಯ ಮೇಲೆ ಬ್ಯಾಂಕಿನಲ್ಲಿ ಸಾಲ ಪಡೆಯುವ ವ್ಯವಸ್ಥೆ ಇದೆ. 2007ರ ಉಗ್ರಾಣ ಕಾಯ್ದೆ ಅಂಥ ರಸೀದಿಗೆ ಕಾನೂನಿನ ಬಲ ಕೊಟ್ಟಿದೆ. ಕಾಕಾ ಅವರಿಗೆ ಇದು ಗೊತ್ತಿರಲಿಲ್ಲ. ನನಗೂ ಪುಸ್ತಕದಲ್ಲಿ ಓದುವ ತನಕ ಗೊತ್ತಿರಲಿಲ್ಲ.

ದರವನ್ನು ನಿರ್ಧರಿಸುವುದು ಅಡತಿ ಅಂಗಡಿ ಒಂದೇ ಅಲ್ಲ. 2024ರಲ್ಲಿ ತೊಗರಿ ಕ್ವಿಂಟಲ್‌ಗೆ ಹತ್ತು ಸಾವಿರ ದಾಟಿತ್ತು. 2025ರ ಆರಂಭಕ್ಕೆ ಆ ಹಂಗಾಮಿನ ಬೆಂಬಲ ಬೆಲೆಯಾದ 7,550ರ ಆಸುಪಾಸಿಗೆ ಇಳಿಯಿತು. ನಮ್ಮ ದೇಶಕ್ಕೆ ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾಗಳಿಂದ ತೊಗರಿ ಬರುತ್ತದೆ. 2021ರಿಂದ ಆ ಆಮದಿಗೆ ಬಾಗಿಲು ಅಗಲವಾಗಿ ತೆರೆದಿದೆ. ಪಟ್ಟಣದಲ್ಲಿ ಬೇಳೆ ತಿನ್ನುವವರಿಗೆ ಅದರಿಂದ ಅನುಕೂಲ, ಆದರೆ ಆಫ್ರಿಕಾದ ಹಡಗು ಬಂದರಿಗೆ ಬಂದರೆ ಚೌಡಾಪುರದ ಕಾಕಾ ಅವರ ಜೇಬಿಗೆ ಕತ್ತರಿ ಬೀಳುತ್ತದೆ.

ಇದರ ಮೇಲೆ ಬೆಳೆಯ ಅಪಾಯ ಬೇರೆ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ನಮ್ಮ ತಾಲೂಕಿನ ನದಿ ದಂಡೆಯ ಹಳ್ಳಿಗಳು ನೀರಿನಲ್ಲಿ ನಿಂತವು. 2022ರಲ್ಲಿ ನೆಟೆ ರೋಗ ಬಂದು ಹಸಿರಾಗಿ ನಿಂತ ತೊಗರಿ ಕಾಳು ಕಟ್ಟುವ ಹೊತ್ತಿಗೆ ಒಣಗಿತು. ಆದ್ದರಿಂದ ನೀರು ಸಿಕ್ಕವರು ಕಬ್ಬಿಗೆ ಹೋಗುತ್ತಿದ್ದಾರೆ. ಹವಳಗಾದಲ್ಲಿ, ಆಳಂದ ತಾಲೂಕಿನ ಭೂಸನೂರಿನಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಮಳೆಯನ್ನೇ ನಂಬಿದ ಸಣ್ಣ ರೈತನಿಗೆ ಆ ದಾರಿಯೂ ಇಲ್ಲ.

ಕೃಷಿಯ ಖರ್ಚಿನ ವಿಷಯದಲ್ಲಿ ನಮ್ಮ ದೀನಿನಲ್ಲೂ ಒಂದು ಸೂಕ್ಷ್ಮವಾದ ಲೆಕ್ಕ ಇದೆ. ಮಳೆಯಿಂದ ಬೆಳೆದ ಬೆಳೆಗೆ ಉಶ್ರ್ ಹತ್ತರಲ್ಲಿ ಒಂದು ಪಾಲು. ಕಷ್ಟಪಟ್ಟು ನೀರೆತ್ತಿ ಬೆಳೆದದ್ದಕ್ಕೆ ಇಪ್ಪತ್ತರಲ್ಲಿ ಒಂದು ಪಾಲು. ರೈತನ ಶ್ರಮವನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬ ತತ್ವ ಇದರಲ್ಲಿದೆ. ನಮ್ಮ ಮನೆಗಳಲ್ಲಿ ಮಾತ್ರ ಅಬ್ಬಾ ಅವರ ದುಡಿಮೆ, ಅಮ್ಮಿ ಅವರ ಕಳೆ ತೆಗೆಯುವ ಕೆಲಸ ಯಾವ ಪುಸ್ತಕದಲ್ಲೂ ಖರ್ಚು ಎಂದು ಬರೆದಿರುವುದಿಲ್ಲ. ಅವರ ಕೂಲಿ ಹಿಡಿದು ಲೆಕ್ಕ ಹಾಕಿದರೆ ಎಷ್ಟೋ ವರ್ಷ ಹೊಲದಲ್ಲಿ ನಷ್ಟವೇ ಆಗಿರುತ್ತದೆ.

ಮಂದಿಯೂ ಕಾಳಿನ ಹಾಗೆಯೇ

ಊರಿನಿಂದ ಹೊರಗೆ ಹೋಗುವುದು ತೊಗರಿ ಮಾತ್ರ ಅಲ್ಲ, ಹುಡುಗರೂ ಹೋಗುತ್ತಾರೆ. ಪುಣೆ, ಮುಂಬೈ, ಸೊಲ್ಲಾಪುರ, ಹೈದರಾಬಾದ್, ಬೆಂಗಳೂರು. ಗೌಂಡಿ ಕೆಲಸ, ಸೆಂಟ್ರಿಂಗ್, ಇಟ್ಟಂಗಿ ಭಟ್ಟಿ, ಹೋಟೆಲು. ನನ್ನ ಅಣ್ಣ ಭಾಯಿಜಾನ್ ಪಿಯುಸಿ ಅರ್ಧಕ್ಕೆ ಬಿಟ್ಟು ಪುಣೆಗೆ ಹೋದರು. ಮೊದಲ ವರ್ಷ ಸಿಮೆಂಟು ಹೊರುವ ಹೆಲ್ಪರ್, ಈಗ ಟೈಲ್ಸ್ ಹಾಕುವ ಮಿಸ್ತ್ರಿ. ಉದ್ಯೋಗ ಖಾತ್ರಿ ಕೆಲಸಕ್ಕೆ 2024-25ರಲ್ಲಿ ನಮ್ಮ ರಾಜ್ಯದಲ್ಲಿ ದಿನಕ್ಕೆ 349 ರೂಪಾಯಿ ಕೂಲಿ ಇತ್ತು. ಭಾಯಿಜಾನ್‌ಗೆ ಅಲ್ಲಿ ಅದರ ಎರಡು ಪಟ್ಟಿಗಿಂತ ಹೆಚ್ಚು ಸಿಗುತ್ತದೆ. ನನ್ನ ಕಾಲೇಜಿನ ಫೀಸು ಆ ದುಡ್ಡಿನಿಂದಲೇ ಬರುತ್ತದೆ. ಆದ್ದರಿಂದ ವಲಸೆ ಕೆಟ್ಟದ್ದು ಎಂದು ನಾನು ಬರೆಯಲಾರೆ.

ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ನೋಡಬೇಕು. ಹೋಗುವವರು ಯಾವ ಕಸುಬೂ ಇಲ್ಲದೆ ಹೋಗುತ್ತಾರೆ, ಅಂದರೆ ಕಾಳಾಗಿ ಹೋಗುತ್ತಾರೆ. ಅಲ್ಲಿ ಕಲಿತು ಬೇಳೆಯಾಗುತ್ತಾರೆ. ಆ ಕಲಿಕೆಯ ಲಾಭದಲ್ಲಿ ದೊಡ್ಡ ಪಾಲು ಅಲ್ಲಿಯ ಗುತ್ತಿಗೆದಾರನಿಗೆ, ಅಲ್ಲಿಯ ಮನೆ ಬಾಡಿಗೆಗೆ ಹೋಗುತ್ತದೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಹೊರಗೆ ಹೋಗಿದ್ದವರೆಲ್ಲ ಕಷ್ಟಪಟ್ಟು ಊರಿಗೆ ಮರಳಿದರು. ಊರಿನಲ್ಲಿ ಅವರಿಗೆ ಮಾಡಲು ಕೆಲಸ ಇರಲಿಲ್ಲ. ಬಸ್ಸು ಶುರುವಾದ ಕೂಡಲೇ ಮತ್ತೆ ಹೊರಟರು.

ಓದಿನಲ್ಲೂ ಇದೇ ಕಥೆ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ನಮ್ಮ ಕಲಬುರಗಿ ಜಿಲ್ಲೆಯ ಫಲಿತಾಂಶ ಶೇ. 42.43. ರಾಜ್ಯದಲ್ಲಿ ಕೊನೆಯ ಸ್ಥಾನ. ಹತ್ತರಲ್ಲಿ ಆರು ಮಂದಿ ಮೊದಲ ಪ್ರಯತ್ನದಲ್ಲಿ ಪಾಸಾಗಲಿಲ್ಲ. ಹುಡುಗ ಫೇಲಾದರೆ ಪುಣೆ ಬಸ್ಸು, ಹುಡುಗಿ ಫೇಲಾದರೆ ಮದುವೆ ಮಾತು. ಇದು ನಮಗೆಲ್ಲ ಗೊತ್ತಿದ್ದದ್ದೇ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಉಚಿತವಾದ ಮೇಲೆ "ದಿನಾ ಬಸ್ಸಿನ ಖರ್ಚು ಯಾರು ಕೊಡಬೇಕು" ಎಂಬ ಒಂದು ನೆಪವಾದರೂ ಕಡಿಮೆಯಾಗಿದೆ. ನಮ್ಮ ಉರ್ದು ಮಾತಾಡುವ ಮನೆಗಳಲ್ಲಿ ಇನ್ನೊಂದು ಅಡ್ಡಿ ಭಾಷೆಯದು. ಹತ್ತನೇ ತರಗತಿಯವರೆಗೆ ಉರ್ದುವಿನಲ್ಲಿ ಓದಿದವರು ಕಾಲೇಜಿಗೆ ಬಂದು ಒಮ್ಮೆಲೇ ಕನ್ನಡ, ಇಂಗ್ಲಿಷಿನ ನಡುವೆ ನಿಲ್ಲುತ್ತಾರೆ. ಎಪಿಎಂಸಿಯ ಪಟ್ಟಿ, ಪಹಣಿ, ತಹಶೀಲ್ದಾರ್ ಕಚೇರಿಯ ಅರ್ಜಿ ಎಲ್ಲ ಕನ್ನಡದಲ್ಲಿರುತ್ತವೆ. ಕನ್ನಡ ಓದಿ ಬರೆಯಲು ಬಂದರೆ ಮನೆಯ ಕಾಗದಪತ್ರಕ್ಕೆ ಬೇರೆಯವರ ಮುಂದೆ ಕೈ ಚಾಚಬೇಕಾಗಿಲ್ಲ. ಅಬ್ಬಾ ಅವರ ಪಹಣಿಯನ್ನು ಮೊದಲ ಬಾರಿ ನಾನೇ ಓದಿ ಹೇಳಿದ ದಿನ ಇದು ನನಗೆ ಅರ್ಥವಾಯಿತು.

ಇಂಡೋನೇಷ್ಯದ ಒಂದು ಊರು

ಇಂಥ ಸಮಸ್ಯೆ ನಮ್ಮದೊಂದೇ ಅಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಮುಸ್ಲಿಮರು ಇರುವ ದೇಶ ಇಂಡೋನೇಷ್ಯ. ಅಲ್ಲಿಯ ಹಳ್ಳಿಗಳಿಂದಲೂ ಜನ ಮಲೇಷ್ಯ, ಸೌದಿ, ಹಾಂಗ್‌ಕಾಂಗ್‌ಗೆ ದುಡಿಯಲು ಹೋಗುತ್ತಾರೆ. ಹಳ್ಳಿಗೆ ಅವರ ಭಾಷೆಯಲ್ಲಿ 'ದೇಸಾ' ಎನ್ನುತ್ತಾರೆ, ಅದು ನಮ್ಮ 'ದೇಶ' ಎಂಬ ಶಬ್ದವೇ. 2014ರಲ್ಲಿ ಅವರು ಹಳ್ಳಿಗಳಿಗಾಗಿಯೇ ಒಂದು ಕಾಯ್ದೆ ತಂದರು. 2015ರಿಂದ ಎಪ್ಪತ್ತು ಸಾವಿರಕ್ಕೂ ಹೆಚ್ಚು ಹಳ್ಳಿಗಳಿಗೆ ಕೇಂದ್ರ ಬಜೆಟ್ಟಿನಿಂದ ಪ್ರತಿ ವರ್ಷ ಹಣ ಹೋಗುತ್ತಿದೆ. ಹಳ್ಳಿಯೇ ಒಂದು ವ್ಯಾಪಾರ ಸಂಸ್ಥೆ ಕಟ್ಟಿಕೊಳ್ಳಲು ಆ ಕಾಯ್ದೆಯಲ್ಲಿ ಅವಕಾಶ ಇದೆ.

ಮಧ್ಯ ಜಾವಾದ ಕ್ಲಾತೆನ್ ಜಿಲ್ಲೆಯ ಪೊಂಗೊಕ್ ಎಂಬ ಹಳ್ಳಿ ಆ ಕಾಯ್ದೆಗೂ ಮೊದಲೇ, 2009ರಲ್ಲಿ, 'ತೀರ್ತಾ ಮಂದಿರಿ' ಎಂಬ ತನ್ನ ಸಂಸ್ಥೆ ಶುರು ಮಾಡಿತ್ತು. ಅವರ ಬಳಿ ಇದ್ದದ್ದು ಒಂದು ನೀರಿನ ಬುಗ್ಗೆ. ಹಿಂದೆ ಊರವರು ಅಲ್ಲಿ ಸ್ನಾನ ಮಾಡುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು. ಅದನ್ನು ಶುಚಿ ಮಾಡಿ, ಮೀನು ಬಿಟ್ಟು, ನೀರಿನೊಳಗೆ ಫೋಟೊ ತೆಗೆಸಿಕೊಳ್ಳುವ ಜಾಗ ಮಾಡಿದರು. ಜನ ಟಿಕೆಟ್ ಕೊಂಡು ಬರತೊಡಗಿದರು. ಒಂದು ಕಾಲಕ್ಕೆ ಬಡ ಹಳ್ಳಿ ಎನಿಸಿಕೊಂಡಿದ್ದ ಊರು ಈಗ ತನ್ನ ಆದಾಯದಿಂದ ತನ್ನ ಮಕ್ಕಳ ಓದಿಗೆ ನೆರವು ಕೊಡುತ್ತದೆ.

ಎಲ್ಲ ಕಡೆ ಹೀಗಾಗಿಲ್ಲ ಎಂಬುದನ್ನೂ ಹೇಳಬೇಕು. ಪೊಂಗೊಕ್ ಪಟ್ಟಣಗಳಿಗೆ ಹತ್ತಿರದ ಊರು. ಅದೇ ದೇಶದ ಪಾಪುವಾದ ಗುಡ್ಡಗಾಡಿನ ಕೆಲವು ಹಳ್ಳಿಗಳಿಗೆ ಸಿಮೆಂಟು ಚೀಲವೂ ವಿಮಾನದಲ್ಲಿ ಹೋಗಬೇಕು. ಹಣ ಬಂದರೂ ರಸ್ತೆ, ಶಾಲೆ, ಲೆಕ್ಕ ಬರೆಯುವವರು ಇಲ್ಲದ ಕಡೆ ಅದು ಹೆಚ್ಚು ದೂರ ನಡೆಯುವುದಿಲ್ಲ. ಹಾಗೆ ನೋಡಿದರೆ ಚೌಡಾಪುರ ಪಾಪುವಾಕ್ಕಿಂತ ಪೊಂಗೊಕ್‌ಗೆ ಹತ್ತಿರ. ನಮಗೆ ರಸ್ತೆ ಇದೆ, ಹೆಸರುವಾಸಿಯಾದ ಬೆಳೆ ಇದೆ, ಊರ ಮೇಲೆ ಹಾದುಹೋಗುವ ಯಾತ್ರಿಕರಿದ್ದಾರೆ.

ನಮ್ಮಲ್ಲಿ ಇರುವ ದಾರಿಗಳು

ಮೊದಲನೆಯದು ರೈತ ಉತ್ಪಾದಕರ ಕಂಪನಿ. ಹತ್ತು ಜನ ರೈತರು ಸೇರಿದರೆ ಕಂಪನಿ ಕಾಯ್ದೆಯಡಿ ಇದನ್ನು ನೋಂದಾಯಿಸಬಹುದು. ಯಾರ ಬಳಿ ಎಷ್ಟು ಷೇರು ಇದ್ದರೂ ಒಬ್ಬ ಸದಸ್ಯನಿಗೆ ಒಂದೇ ಮತ. ಸಾಮಾನ್ಯ ಕಂಪನಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದು. 2020ರಲ್ಲಿ ಕೇಂದ್ರ ಸರಕಾರ ದೇಶದಲ್ಲಿ 10,000 ಇಂಥ ಸಂಸ್ಥೆಗಳನ್ನು ಕಟ್ಟುವ ಯೋಜನೆ ತಂದಿತು. ಪ್ರತಿ ಸಂಸ್ಥೆಗೆ ಮೂರು ವರ್ಷಕ್ಕೆ 18 ಲಕ್ಷ ರೂಪಾಯಿಯವರೆಗೆ ನಿರ್ವಹಣೆಯ ನೆರವು ಇಟ್ಟಿತು. ಆ ನೆರವು ಯಾವುದಕ್ಕೆ ಎಂದು ಓದಿದಾಗ ನನಗೆ ಖುಷಿಯಾಯಿತು: ಅದರಲ್ಲಿ ಅಕೌಂಟೆಂಟ್ ಸಂಬಳವೂ ಸೇರಿದೆ. ಹೊಲದವರಿಗೆ ಬೇಕಾದದ್ದು ಟ್ರ್ಯಾಕ್ಟರ್ ಮಾತ್ರ ಅಲ್ಲ, ಜಮಾ-ಖರ್ಚು ಬರೆಯಬಲ್ಲ ಒಬ್ಬ ಕಾಮರ್ಸ್ ವಿದ್ಯಾರ್ಥಿಯೂ ಬೇಕು.

ಎರಡನೆಯದು ಸಣ್ಣ ಮೌಲ್ಯವರ್ಧನೆ. 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲಿ ನಮ್ಮ ಜಿಲ್ಲೆಯ ಮಹಿಳಾ ಸಂಘಗಳು ಜೋಳದ ರೊಟ್ಟಿ ಮಾರುತ್ತಿವೆ. ಮನೆಯಲ್ಲಿ ದಿನಾ ತಟ್ಟುವ ರೊಟ್ಟಿಗೆ ಹೆಸರು, ಪ್ಯಾಕೆಟ್ಟು, ಗುಣಮಟ್ಟ ಕೊಟ್ಟರೆ ಅದು ವ್ಯಾಪಾರ. ಗಾಣಗಾಪುರಕ್ಕೆ ಬರುವ ಯಾತ್ರಿಕರು ಪ್ರಸಾದದ ಜೊತೆ ಜಿಐ ಗುರುತಿನ ಒಂದು ಕಿಲೋ ತೊಗರಿ ಬೇಳೆಯನ್ನೂ ಚೌಡಾಪುರದಲ್ಲಿ ಕೊಂಡು ಹೋಗುವಂತಾಗಬಾರದೇಕೆ?

ಮೂರನೆಯದು ಸಂವಿಧಾನದ 371(ಜೆ) ವಿಧಿ. ಇದು 2012ರ 98ನೇ ತಿದ್ದುಪಡಿಯಿಂದ ಬಂದದ್ದು. ಇದರಂತೆ ನಮ್ಮ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟು ನಮಗೆ ಮೀಸಲು. ಈ ಭಾಗದ ಸರಕಾರಿ ಹುದ್ದೆಗಳಲ್ಲಿ 'ಸಿ' ಗುಂಪಿಗೆ ಶೇ. 80, 'ಡಿ' ಗುಂಪಿಗೆ ಶೇ. 85. ಆದರೆ ಅರ್ಹತಾ ಪ್ರಮಾಣಪತ್ರ ಇಲ್ಲದೆ ಇದು ಸಿಗುವುದಿಲ್ಲ. ಅದನ್ನು ಉಪವಿಭಾಗಾಧಿಕಾರಿ ಕೊಡುತ್ತಾರೆ. 2013ರ ಜನವರಿ 1ಕ್ಕೆ ಮೊದಲು ಹತ್ತು ವರ್ಷ ಇಲ್ಲಿ ವಾಸ ಇದ್ದಿರಬೇಕು ಎಂಬ ಷರತ್ತು ನಮ್ಮ ವಯಸ್ಸಿನವರಿಗೆ ಸ್ವಂತವಾಗಿ ಹೊಂದುವುದೇ ಇಲ್ಲ, ನಾವು ಆಗ ಅಂಗನವಾಡಿಯಲ್ಲಿದ್ದೆವು. ನಾವು ಇಲ್ಲಿ ಹುಟ್ಟಿದ್ದಕ್ಕೆ ಅಥವಾ ತಂದೆ ಇಲ್ಲವೇ ತಾಯಿ ಈ ಭಾಗದವರು ಎಂಬುದಕ್ಕೆ ದಾಖಲೆ ಬೇಕು. ಅಪ್ಪ-ಅಮ್ಮ ದುಡಿಯಲು ಹೋದಾಗ ಪುಣೆಯಲ್ಲಿ, ಸೊಲ್ಲಾಪುರದಲ್ಲಿ ಹುಟ್ಟಿದ ಎಷ್ಟೋ ಮಂದಿ ನಮ್ಮ ನಡುವೆಯೇ ಇದ್ದಾರೆ. ಅಂಥವರು ತಂದೆ-ತಾಯಿಯ ಶಾಲಾ ದಾಖಲೆ, ಜನನ ದಾಖಲೆ ಈಗಲೇ ಹುಡುಕಿ ಇಟ್ಟುಕೊಳ್ಳಬೇಕು. ಸಿಇಟಿ ಕೌನ್ಸೆಲಿಂಗ್ ವಾರದಲ್ಲಿ ಓಡಾಡಿದರೆ ಸಮಯ ಸಾಲುವುದಿಲ್ಲ.

ನಾವೇನು ಮಾಡಬಹುದು?

ದೊಡ್ಡ ಮಾತು ಬೇಡ. ನಮ್ಮ ತರಗತಿಯವರು ಈ ಜೂನಿನಿಂದ ಒಂದು ಕೆಲಸ ಮಾಡೋಣ ಎಂದು ನನ್ನ ಕೋರಿಕೆ. ಹೊಲ ಇರುವ ಪ್ರತಿಯೊಬ್ಬರೂ ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಮನೆಯ ಬೆಳೆಯ ಲೆಕ್ಕ ಬರೆಯೋಣ. ಬೀಜ, ಗೊಬ್ಬರ, ಔಷಧಿ, ಕೂಲಿ, ಬಡ್ಡಿ, ಬಾಡಿಗೆ. ಅಬ್ಬಾ-ಅಮ್ಮಿ, ಅಪ್ಪ-ಅವ್ವ ದುಡಿದ ದಿನಗಳು. ಕೊನೆಗೆ ಮಾರಿದ ದಿನಾಂಕ ಮತ್ತು ದರ. ಹೊಲ ಇಲ್ಲದವರು ಅಂಗಡಿಯ ಅಥವಾ ಕೂಲಿಯ ಲೆಕ್ಕ ಬರೆಯಲಿ. ರಾಶಿ ಮುಗಿದ ಮೇಲೆ ಎಲ್ಲವನ್ನೂ ಕೂಡಿಸಿದರೆ ನಮ್ಮ ಊರುಗಳ ನಿಜವಾದ ಲಾಭ-ನಷ್ಟದ ತಖ್ತೆ ನಮ್ಮ ಕಾಲೇಜಿನಲ್ಲಿಯೇ ತಯಾರಾಗುತ್ತದೆ. ಬೆಂಬಲ ಬೆಲೆ ಸಾಲದು ಎಂದು ಹೇಳಲು, ಬ್ಯಾಂಕಿನಲ್ಲಿ ಸಾಲ ಕೇಳಲು, ಕಂಪನಿ ಕಟ್ಟಲು ಮೊದಲು ಬೇಕಾದದ್ದು ಈ ಕಾಗದ.

ನಾನು ಕಾಕಾ ಅವರ ಲೆಕ್ಕವನ್ನು ಆಗಲೇ ಶುರು ಮಾಡಿದ್ದೇನೆ. ಅವರು ಸಾಲದ ಬಡ್ಡಿಯನ್ನು ಬಾಯಿಲೆಕ್ಕದಲ್ಲಿ ಹೇಳಿದ್ದರು. ಬರೆದು ಕೂಡಿಸಿದಾಗ ಅವರು ಅಂದುಕೊಂಡದ್ದಕ್ಕಿಂತ ಹೆಚ್ಚು ಬಂತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂದಿನ ಸಲ ಬ್ಯಾಂಕಿಗೆ ಹೋಗೂಣು, ನೀ ನನ್ನ ಸಂಗಟ ಬಾ" ಅಂದರು.

ಭಾಯಿಜಾನ್ ಈದ್‌ಗೆ ಬಂದಾಗ ನಾನು ಈ ಲೇಖನ ಓದಿ ತೋರಿಸಿದೆ. "ನೀನೂ ಪುಣೆಗೆ ಬಾ, ಆದರೆ ಬಿ.ಕಾಂ ಮುಗಿಸಿ ಬಾ" ಎಂದರು. ಬಿ.ಕಾಂ ಮುಗಿಸುತ್ತೇನೆ, ಇನ್ಶಾ ಅಲ್ಲಾಹ್. ಪುಣೆಗೆ ಹೋಗಬೇಕೋ, ಇಲ್ಲೇ ಒಂದು ಕಂಪನಿಯ ಲೆಕ್ಕ ಬರೆಯಬೇಕೋ ಎಂಬುದನ್ನು ಆಗ ನೋಡೋಣ. ಹೋಗುವುದಾದರೂ ಇರುವುದಾದರೂ, ಹಸಿ ಕಾಳಾಗಿ ಹೋಗಬಾರದು ಎಂಬುದಷ್ಟೇ ಈಗ ನಮ್ಮ ಕೈಯಲ್ಲಿದೆ.